ವಾಲ್ವ್ ಸೋರುತ್ತಿದೆ ಅಂದರೆ, ಯಾಕೆ ಅಂತ ಕೇಳಿ

ಹೃದಯದ ವಾಲ್ವ್ ನೋಡುವ ಸ್ಕ್ಯಾನ್, ಅಂದರೆ ಎಕೋ ಮಾಡಿಸಿಕೊಂಡು ಹೊರಗೆ ಬಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, "ಎಷ್ಟು ಸೋರುತ್ತಿದೆ ಡಾಕ್ಟ್ರೇ?" ಎರಡನೆಯದು, "ಆಪರೇಷನ್ ಬೇಕಾ?" ಯಾಕೆ ಸೋರುತ್ತಿದೆ ಅಂತ ಕೇಳುವವರು ತೀರಾ ಕಡಿಮೆ. ಇವತ್ತಿನ ಸಭೆಯ ಮಾತು ಆ ಮೂರನೇ ಪ್ರಶ್ನೆಯ ಬಗ್ಗೆ. ಒಂದೇ ಅಳತೆಯ ಸೋರಿಕೆ ಒಬ್ಬರಲ್ಲಿ ಮಾತ್ರೆಗೆ ಬಗ್ಗುತ್ತದೆ. ಇನ್ನೊಬ್ಬರಲ್ಲಿ ಎದೆ ತೆರೆಯಲೇಬೇಕಾಗುತ್ತದೆ. ಮತ್ತೊಬ್ಬರಲ್ಲಿ ಏನೂ ಮಾಡದೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. ಕಾರಣ ಗೊತ್ತಾಗದೆ ಇದರಲ್ಲಿ ಯಾವುದನ್ನೂ ಹೇಳಲಾಗದು. ಇನ್ನೊಂದು ವಿಷಯವನ್ನೂ ಸೇರಿಸುತ್ತೇನೆ. ಈ ಕಾರಣಗಳು ಗಂಡಸರಿಗೂ ಹೆಂಗಸರಿಗೂ ಸಮನಾಗಿ ಬಂದಿಲ್ಲ. ಅದನ್ನು ಮರೆತಿದ್ದರಿಂದ ಹೆಂಗಸರಿಗೆ ಜಾಸ್ತಿ ನಷ್ಟವಾಗಿದೆ.

ಮೊದಲು ಬಾಗಿಲುಗಳನ್ನು ನೋಡೋಣ. ಹೃದಯಕ್ಕೆ ನಾಲ್ಕು ಕೋಣೆ, ನಾಲ್ಕು ವಾಲ್ವ್. ಮೇಲಿನ ಎರಡು ಕೋಣೆಗಳಿಗೆ ರಕ್ತ ಬಂದು ಸೇರುತ್ತದೆ. ಕೆಳಗಿನ ಎರಡು ಅದನ್ನು ಹೊರಗೆ ತಳ್ಳುತ್ತವೆ. ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಮೈಟ್ರಲ್ ವಾಲ್ವ್. ಬಲಗಡೆ ಅದೇ ಜಾಗದಲ್ಲಿ ಟ್ರೈಕಸ್ಪಿಡ್. ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ಬಾಯಲ್ಲಿ ಅಯೋರ್ಟಿಕ್ ವಾಲ್ವ್. ಶ್ವಾಸಕೋಶದ ದಾರಿಯಲ್ಲಿ ಪಲ್ಮನರಿ. ಎಲ್ಲಕ್ಕೂ ಕೆಲಸ ಒಂದೇ, ಮುಂದೆ ಹೋದ ರಕ್ತ ಹಿಂದಕ್ಕೆ ಬರದಂತೆ ತಡೆಯುವುದು. ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚಬೇಕು.

ಇದರಲ್ಲಿ ಮೈಟ್ರಲ್ ವಾಲ್ವ್‌ನ ರಚನೆ ಸ್ವಲ್ಪ ನಿಧಾನವಾಗಿ ನೋಡಿ. ಎರಡು ತೆಳು ಎಸಳು. ಎಸಳಿನ ಅಂಚಿಗೆ ಸಣ್ಣ ಸಣ್ಣ ದಾರಗಳು. ದಾರಗಳ ಇನ್ನೊಂದು ತುದಿ ಕೆಳಗಿನ ಕೋಣೆಯ ಗೋಡೆಯಿಂದ ಎದ್ದು ನಿಂತ ಎರಡು ಸ್ನಾಯುಗಳಿಗೆ ಕಟ್ಟಿಕೊಂಡಿದೆ. ಎಸಳುಗಳ ಸುತ್ತ ಒಂದು ಉಂಗುರ, ಬಾಗಿಲಿಗೆ ಚೌಕಟ್ಟು ಇದ್ದ ಹಾಗೆ. ಎಸಳು, ದಾರ, ಸ್ನಾಯು, ಉಂಗುರ. ಈ ನಾಲ್ಕರಲ್ಲಿ ಯಾವುದು ಕೈಕೊಟ್ಟರೂ ವಾಲ್ವ್ ಸೋರುತ್ತದೆ. ಎಕೋ ರಿಪೋರ್ಟ್‌ನಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು, ಮೈಟ್ರಲ್ ರಿಗರ್ಜಿಟೇಷನ್. ಗೊಂದಲ ಶುರುವಾಗುವುದೇ ಇಲ್ಲಿಂದ.

ಮುಂದೆ ಹೋಗುವ ಮೊದಲು ಒಂದು ಸಮಾಧಾನದ ಮಾತು. ನಿಮ್ಮ ರಿಪೋರ್ಟ್‌ನಲ್ಲಿ ಟ್ರೈಕಸ್ಪಿಡ್ ವಾಲ್ವ್ ಎದುರಿಗೆ 'ಟ್ರಿವಿಯಲ್' ಅಂತ ಬರೆದಿದ್ದರೆ ರಾತ್ರಿ ಆರಾಮಾಗಿ ಮಲಗಿ. ಆರೋಗ್ಯವಾಗಿರುವ ಬಹುಪಾಲು ಜನರ ಹೃದಯದಲ್ಲೂ ಆ ವಾಲ್ವ್ ಒಂದು ಚೂರು ಸೋರುತ್ತದೆ. ಇವತ್ತಿನ ಯಂತ್ರಗಳು ಅಷ್ಟು ಸೂಕ್ಷ್ಮ. ಅದು ಕಾಯಿಲೆ ಅಲ್ಲ. ಆ ಒಂದು ಪದ ಓದಿ ತಿಂಗಳುಗಟ್ಟಲೆ ನಡೆಯುವುದನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಸಂಕಟವಾಗುತ್ತದೆ.

ಸೋರಿಕೆ ಜಾಸ್ತಿಯಿದ್ದಾಗ ಕಥೆ ಬೇರೆ. ಮೈಟ್ರಲ್ ವಾಲ್ವ್ ಸೋರಿದರೆ ಪ್ರತಿ ಬಡಿತದಲ್ಲೂ ಸ್ವಲ್ಪ ರಕ್ತ ಮೇಲಿನ ಕೋಣೆಗೆ ವಾಪಸ್ ಹೋಗುತ್ತದೆ. ಮುಂದಿನ ಬಡಿತಕ್ಕೆ ಅದೂ ಸೇರಿ ಕೆಳಗೆ ಬರುತ್ತದೆ. ಕೆಳಗಿನ ಕೋಣೆ ಹೆಚ್ಚು ರಕ್ತ ಹಿಡಿಸಿಕೊಳ್ಳಲು ಹಿಗ್ಗುತ್ತದೆ. ಹಿಗ್ಗಿದಾಗ ಉಂಗುರವೂ ಹಿಗ್ಗುತ್ತದೆ. ಉಂಗುರ ಹಿಗ್ಗಿದರೆ ಎಸಳುಗಳು ಒಂದಕ್ಕೊಂದು ಸರಿಯಾಗಿ ತಾಗುವುದಿಲ್ಲ, ಸೋರಿಕೆ ಇನ್ನೂ ಜಾಸ್ತಿಯಾಗುತ್ತದೆ. ಇದೆಲ್ಲ ವರ್ಷಾನುಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಮೆಟ್ಟಿಲು ಹತ್ತುವಾಗ ಏದುಸಿರು ಬರುವಷ್ಟರಲ್ಲಿ ಹೃದಯ ಬಹಳ ದೂರ ಹೋಗಿರುತ್ತದೆ.

ಈಗ ಕಾರಣಗಳಿಗೆ ಬರುತ್ತೇನೆ. ಮೊದಲನೆಯದು ಪ್ರೊಲ್ಯಾಪ್ಸ್. ಎಸಳು ಸಡಿಲವಾಗಿ, ಗಾಳಿ ತುಂಬಿದ ಬಟ್ಟೆಯ ಹಾಗೆ ಮೇಲಿನ ಕೋಣೆಯೊಳಕ್ಕೆ ಉಬ್ಬುತ್ತದೆ. ನೂರರಲ್ಲಿ ಇಬ್ಬರು ಮೂವರಿಗೆ ಇದು ಇದೆ. ಹಳೆಯ ಪುಸ್ತಕಗಳಲ್ಲಿ ಇದನ್ನು 'ಸಣಕಲು ಹುಡುಗಿಯರ ಕಾಯಿಲೆ' ಅನ್ನುವ ಹಾಗೆ ಬರೆದಿರುತ್ತಿದ್ದರು. ಎದೆ ಡವಗುಟ್ಟುತ್ತದೆ ಅಂತ ಬಂದ ಎಷ್ಟೋ ಹೆಣ್ಣುಮಕ್ಕಳಿಗೆ ಈ ಹಣೆಪಟ್ಟಿ ಅಂಟಿಸಿ ಕಳಿಸಿದರು. ಆಮೇಲೆ ಗೊತ್ತಾಯಿತು, ಅವರಲ್ಲಿ ಬಹಳ ಜನರಿಗೆ ಪ್ರೊಲ್ಯಾಪ್ಸ್ ಇರಲೇ ಇಲ್ಲ. ಮೈಟ್ರಲ್ ಉಂಗುರ ಬಳೆಯ ಹಾಗೆ ಚಪ್ಪಟೆಯಾಗಿಲ್ಲ. ಅದಕ್ಕೆ ಕುದುರೆ ಜೀನಿನ ಆಕಾರ. ಎಕೋದಲ್ಲಿ ಒಂದು ಕೋನದಿಂದ ನೋಡಿದರೆ ಸರಿಯಿರುವ ಎಸಳೂ ಉಬ್ಬಿದ ಹಾಗೆ ಕಾಣುತ್ತದೆ. 1980ರ ದಶಕದ ಕೊನೆಗೆ ಇದು ತಿಳಿದ ಮೇಲೆ ಅಳೆಯುವ ವಿಧಾನವನ್ನೇ ಬದಲಾಯಿಸಿದರು. 1999ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಜನರನ್ನು ಹೊಸ ಅಳತೆಯಲ್ಲಿ ನೋಡಿದಾಗ ಪ್ರೊಲ್ಯಾಪ್ಸ್ ಸಿಕ್ಕಿದ್ದು ಶೇಕಡಾ 2.4ರಷ್ಟು ಜನರಲ್ಲಿ. ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ವ್ಯತ್ಯಾಸ ಕಾಣುವುದು ಆಮೇಲೆ. ಗಂಡಸರಲ್ಲಿ, ಅದರಲ್ಲೂ 50 ದಾಟಿದವರಲ್ಲಿ, ಹಿಂದಿನ ಎಸಳಿನ ಒಂದು ದಾರ ಪಟ್ಟನೆ ಕಿತ್ತುಹೋಗುವುದು ಜಾಸ್ತಿ. ನಿನ್ನೆಯವರೆಗೆ ಚೆನ್ನಾಗಿದ್ದ ಮನುಷ್ಯನಿಗೆ ಇವತ್ತು ಮಲಗಿದರೆ ಉಸಿರು ಸಿಗುವುದಿಲ್ಲ. ಇದು ಸದ್ದು ಮಾಡುವ ಕಾಯಿಲೆ, ಬೇಗ ಆಪರೇಷನ್‌ಗೆ ಬರುತ್ತದೆ. ಹಿಂದಿನ ಎಸಳನ್ನು ಹೊಲಿದು ಸರಿಮಾಡುವುದೂ ಸುಲಭ. ಹೆಂಗಸರಲ್ಲಿ ಎರಡೂ ಎಸಳು ದಪ್ಪವಾಗಿ ಸಡಿಲವಾಗಿರುವುದು ಹೆಚ್ಚಾಗಿ ಕಾಣುತ್ತದೆ. ಅದನ್ನು ರಿಪೇರಿ ಮಾಡುವುದು ಕಷ್ಟದ ಕೆಲಸ. ಅದೂ ಸಾಲದು ಅಂತ, ಸೋರಿಕೆ ಅಷ್ಟೇ ತೀವ್ರವಾಗಿದ್ದರೂ ಹೆಂಗಸರು ಆಪರೇಷನ್ ಟೇಬಲ್ ತಲುಪುವುದು ಕಡಿಮೆ, ತಲುಪಿದರೂ ತಡವಾಗಿ. ಯಾಕೆ ಹೀಗೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಎರಡನೇ ಕಾರಣದ ಬಗ್ಗೆ ಮಾತಾಡುವಾಗ ನನಗೆ ಸಿಟ್ಟು ಬರುತ್ತದೆ. ಅದನ್ನು ತಡೆಯಬಹುದು, ತಡೆಯುವ ಔಷಧಿ ಅಗ್ಗ, ಅದು ನಮ್ಮ ಕೈಗೆ ಬಂದು ದಶಕಗಳೇ ಆಗಿವೆ. ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ಮಗುವಿಗೆ ಗಂಟಲು ನೋವು ಬರುತ್ತದೆ. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಗಂಟಲು ತಾನೇ ವಾಸಿಯಾಗುತ್ತದೆ. ಎರಡು ಮೂರು ವಾರ ಬಿಟ್ಟು ಜ್ವರ, ಮಂಡಿ ಊತ, ಮೊಣಕೈ ನೋವು. ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ. ಬ್ಯಾಕ್ಟೀರಿಯಾದ ಮೈಮೇಲಿನ ಪ್ರೋಟೀನು ನಮ್ಮ ಹೃದಯದ ಪ್ರೋಟೀನನ್ನು ಹೋಲುತ್ತದೆ. ಬ್ಯಾಕ್ಟೀರಿಯಾದ ಮೇಲೆ ಯುದ್ಧಕ್ಕೆ ಹೊರಟ ದೇಹದ ಸೈನ್ಯ ವಾಲ್ವ್‌ಗಳ ಮೇಲೂ ಬೀಳುತ್ತದೆ. ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಅನ್ನುವುದು ವೈದ್ಯರಲ್ಲಿ ಹಳೆಯ ಮಾತು. ಕೀಲು ಪೂರ್ತಿ ವಾಸಿಯಾಗುತ್ತದೆ. ಕಚ್ಚಿದ ಗುರುತು ಮಾತ್ರ ಎಸಳಿನ ಮೇಲೆ ಉಳಿಯುತ್ತದೆ. ಜ್ವರ ಮತ್ತೆ ಮತ್ತೆ ಬಂದರೆ ಎಸಳು ದಪ್ಪವಾಗಿ, ದಾರಗಳು ಗಿಡ್ಡವಾಗಿ, ಬಾಗಿಲು ಪೂರ್ತಿ ಮುಚ್ಚುವುದನ್ನೇ ಬಿಡುತ್ತದೆ. ವರ್ಷಗಳು ಕಳೆದಂತೆ ಪೂರ್ತಿ ತೆರೆಯುವುದನ್ನೂ ಬಿಡುತ್ತದೆ.

ರುಮ್ಯಾಟಿಕ್ ವಾಲ್ವ್ ಕಾಯಿಲೆ ಹೆಂಗಸರಲ್ಲಿ ಜಾಸ್ತಿ. ಮಕ್ಕಳ ಆರೈಕೆ ಮಾಡುತ್ತಾ ಅದೇ ಸೋಂಕಿಗೆ ಪದೇಪದೇ ಸಿಕ್ಕುವುದು, ಚಿಕಿತ್ಸೆ ತಡವಾಗಿ ಸಿಗುವುದು, ದೇಹ ತನ್ನನ್ನೇ ಹೊಡೆದುಕೊಳ್ಳುವ ಕಾಯಿಲೆಗಳು ಹೆಣ್ಣಿನಲ್ಲಿ ಒಟ್ಟಾರೆ ಹೆಚ್ಚಿರುವುದು, ಇವೆಲ್ಲ ಇದರ ಹಿಂದೆ ಇವೆ ಎನ್ನುತ್ತಾರೆ ತಜ್ಞರು. ಗಂಟಲು ನೋವು ಶುರುವಾಗಿ 9 ದಿನದೊಳಗೆ ಪೆನಿಸಿಲಿನ್ ಕೊಟ್ಟರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ಒಮ್ಮೆ ಜ್ವರ ಬಂದವರಿಗೆ 3ರಿಂದ 4 ವಾರಕ್ಕೊಂದು ಬೆಂಜಥಿನ್ ಪೆನಿಸಿಲಿನ್ ಇಂಜೆಕ್ಷನ್, ಅದೂ ಹಲವು ವರ್ಷ. 2018ರಲ್ಲಿ ವಿಶ್ವ ಆರೋಗ್ಯ ಸಭೆಯೇ ಈ ಕಾಯಿಲೆಯ ಬಗ್ಗೆ ನಿರ್ಣಯ ಮಾಡಿತು. ಹುಡುಗಿ ಚೆನ್ನಾಗಿದ್ದಾಳಲ್ಲ ಅಂತ ಮನೆಯವರು ಇಂಜೆಕ್ಷನ್ ನಿಲ್ಲಿಸುತ್ತಾರೆ. ದಯವಿಟ್ಟು ನಿಲ್ಲಿಸಬೇಡಿ. ಅವಳು ಚೆನ್ನಾಗಿರುವುದೇ ಆ ಇಂಜೆಕ್ಷನ್‌ನಿಂದ.

ಅಯೋರ್ಟಿಕ್ ವಾಲ್ವ್‌ಗೆ ಬಂದರೆ ತಕ್ಕಡಿ ಗಂಡಸರ ಕಡೆ ವಾಲುತ್ತದೆ. ಈ ವಾಲ್ವ್‌ಗೆ ಮೂರು ಎಸಳು ಇರಬೇಕು. ನೂರರಲ್ಲಿ ಒಬ್ಬರು ಇಬ್ಬರಿಗೆ ಹುಟ್ಟುವಾಗಲೇ ಎರಡೇ ಇರುತ್ತವೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಎರಡು ಮೂರು ಪಟ್ಟು. ಎಷ್ಟೋ ಜನರಿಗೆ ಜೀವನಪೂರ್ತಿ ತೊಂದರೆಯಿಲ್ಲ. ಕೆಲವರಲ್ಲಿ ಎರಡೆಸಳಿನ ವಾಲ್ವ್ ಬೇಗ ಸವೆಯುತ್ತದೆ, ಸೋರುತ್ತದೆ. ಜೊತೆಗೆ ಮಹಾಪಧಮನಿಯೂ ಉಬ್ಬುತ್ತದೆ. ಇದು ಮನೆತನದಲ್ಲಿ ಹರಿದು ಬರುವಂಥದ್ದು. ನಿಮಗೆ ಇದ್ದರೆ ಒಡಹುಟ್ಟಿದವರೂ ಮಕ್ಕಳೂ ಒಂದು ಸಲ ಎಕೋ ಮಾಡಿಸಲಿ. ಹೆಣ್ಣುಮಕ್ಕಳಲ್ಲಿ ಒಂದು ಗುಂಪನ್ನು ಮರೆಯಬಾರದು. ಟರ್ನರ್ ಸಿಂಡ್ರೋಮ್ ಇರುವ ಹುಡುಗಿಯರಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಇರುವುದಿಲ್ಲ ಅಥವಾ ಅರೆಬರೆ ಇರುತ್ತದೆ. ಅವರಲ್ಲಿ ಎರಡೆಸಳಿನ ವಾಲ್ವ್ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಕೆಲವು ಸಲ ಅಯೋರ್ಟಿಕ್ ಎಸಳುಗಳು ಸರಿಯಾಗಿರುತ್ತವೆ, ಮಹಾಪಧಮನಿಯ ಬುಡವೇ ಅಗಲವಾಗಿರುತ್ತದೆ. ವರ್ಷಾನುಗಟ್ಟಲೆ ಹತೋಟಿಗೆ ಬಾರದ ಬಿಪಿ ಇದಕ್ಕೆ ದೊಡ್ಡ ಕಾರಣ. ಮಾರ್ಫಾನ್ ಸಿಂಡ್ರೋಮ್ ಇನ್ನೊಂದು. ಎತ್ತರದ ಮೈಕಟ್ಟು, ಉದ್ದ ಬೆರಳು, ಸಡಿಲ ಕೀಲು. ಇದು ಗಂಡು ಹೆಣ್ಣು ಇಬ್ಬರಲ್ಲೂ ಸಮ. ಬೆನ್ನುಮೂಳೆ ಬಿಗಿಯಾಗುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಹುಡುಗರಲ್ಲಿ ಹೆಚ್ಚು, ಅದೂ ಈ ವಾಲ್ವ್‌ನ ಬುಡವನ್ನು ತಟ್ಟುತ್ತದೆ. ಈ ಸೋರಿಕೆಗೆ ಒಂದು ಗುರುತಿದೆ. ಬಿಪಿಯ ಮೇಲಿನ ಅಂಕಿ ಏರಿರುತ್ತದೆ, ಕೆಳಗಿನದು ತೀರಾ ಇಳಿದಿರುತ್ತದೆ, 160ಕ್ಕೆ 50 ಅನ್ನುವ ಹಾಗೆ. ನಾಡಿ ಉಕ್ಕಿ ಬಂದು ಥಟ್ಟನೆ ಕುಸಿಯುತ್ತದೆ. ಡಬ್ಲಿನ್‌ನ ಡೊಮಿನಿಕ್ ಕಾರಿಗನ್ ಅನ್ನುವ ವೈದ್ಯರು 1832ರಲ್ಲೇ ಇದನ್ನು ವಿವರಿಸಿದರು. ಬೆರಳ ತುದಿಯಲ್ಲಿ ನಾಡಿ ಹಿಡಿದೇ ವಾಲ್ವ್ ಸೋರುತ್ತಿದೆ ಅಂತ ಹೇಳಬಹುದಾದ ಅಪರೂಪದ ಸಂದರ್ಭ ಇದು.

ಸೋಂಕು ನೇರವಾಗಿ ವಾಲ್ವ್‌ನ ಮೇಲೇ ಕೂರುವುದೂ ಉಂಟು. ಅದು ಎಂಡೊಕಾರ್ಡೈಟಿಸ್. ಗಂಡಸರಲ್ಲಿ ಸುಮಾರು ಎರಡು ಪಟ್ಟು. ಹುಳುಕು ಹಲ್ಲು, ಊದಿದ ವಸಡಿನಿಂದಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು, ಮೊದಲೇ ಸೋರುವ ವಾಲ್ವ್‌ನ ಮೇಲೆ ಮನೆ ಮಾಡಿಕೊಂಡು ಎಸಳನ್ನು ತಿಂದು ತೂತು ಮಾಡುತ್ತದೆ. ವಾಲ್ವ್ ತೊಂದರೆ ಇರುವವರಿಗೆ ವಾರಗಟ್ಟಲೆ ಜ್ವರ ಬಿಡದಿದ್ದರೆ ಸುಮ್ನೆ ಆಂಟಿಬಯೋಟಿಕ್ ನುಂಗಬೇಡಿ. ಮೊದಲು ಬ್ಲಡ್ ಕಲ್ಚರ್‌ಗೆ ರಕ್ತ ಕೊಡಿ. ಮಾತ್ರೆ ನುಂಗಿದ ಮೇಲೆ ಬ್ಯಾಕ್ಟೀರಿಯಾ ರಕ್ತದಲ್ಲಿ ಸಿಗದೇ ಹೋಗಬಹುದು.

ಔಷಧಿಯಿಂದ ವಾಲ್ವ್ ಹಾಳಾಗುತ್ತದಾ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಆಗಿದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ತೂಕ ಇಳಿಸಲು ಫೆನ್‌ಫ್ಲುರಮಿನ್ ಮತ್ತು ಫೆಂಟರ್‌ಮಿನ್ ಎರಡನ್ನೂ ಸೇರಿಸಿ ಕೊಡುತ್ತಿದ್ದರು. 1997ರಲ್ಲಿ ಮೇಯೋ ಕ್ಲಿನಿಕ್‌ನ ವೈದ್ಯರು ಒಂದು ವರದಿ ಪ್ರಕಟಿಸಿದರು. ಅದರಲ್ಲಿದ್ದ 24 ಜನರಿಗೂ ವಾಲ್ವ್ ಸೋರುತ್ತಿತ್ತು. 24 ಜನರೂ ಹೆಂಗಸರು. ಅದೇ ವರ್ಷ ಫೆನ್‌ಫ್ಲುರಮಿನ್ ಅನ್ನು ಮಾರುಕಟ್ಟೆಯಿಂದ ತೆಗೆದರು. ಈ ಔಷಧಿ ಸೆರೊಟೊನಿನ್ ಅನ್ನುವ ದೇಹದ ರಾಸಾಯನಿಕದ ದಾರಿಯಲ್ಲಿ ವಾಲ್ವ್‌ನ ಜೀವಕೋಶಗಳನ್ನು ಕೆರಳಿಸಿ ಎಸಳನ್ನು ದಪ್ಪ ಮಾಡುತ್ತಿತ್ತು. ಫ್ರಾನ್ಸ್‌ನಲ್ಲಿ ಬೆನ್‌ಫ್ಲುರೆಕ್ಸ್ ಅನ್ನುವ ಮಾತ್ರೆಯೂ ಇದೇ ಕಾರಣಕ್ಕೆ 2009ರಲ್ಲಿ ಹೋಯಿತು. ಮೈಗ್ರೇನ್‌ಗೆ ವರ್ಷಾನುಗಟ್ಟಲೆ ಎರ್ಗೊಟಮಿನ್ ನುಂಗಿದವರಲ್ಲೂ ಹೀಗೆ ಆಗಿದೆ. ತೆಳ್ಳಗಾಗಬೇಕು ಅನ್ನುವ ಒತ್ತಡ ಯಾರ ಮೇಲೆ ಜಾಸ್ತಿ? ಮೈಗ್ರೇನ್ ಯಾರಿಗೆ ಜಾಸ್ತಿ? ಹಾಗಾಗಿ ಇಲ್ಲೂ ಪೆಟ್ಟು ಬಿದ್ದಿದ್ದು ಹೆಚ್ಚಾಗಿ ಹೆಂಗಸರಿಗೆ. ಎದೆಗೆ ಕೊಟ್ಟ ರೇಡಿಯೇಷನ್ ಕೂಡ ಹತ್ತು ಇಪ್ಪತ್ತು ವರ್ಷದ ನಂತರ ವಾಲ್ವ್‌ಗಳನ್ನು ಗಟ್ಟಿ ಮಾಡಬಹುದು. ಸ್ತನ ಕ್ಯಾನ್ಸರ್ ಗೆದ್ದು ಬಂದವರು ತಮ್ಮ ಹೃದಯದ ಡಾಕ್ಟರಿಗೆ ಹಳೆಯ ಚಿಕಿತ್ಸೆಯ ವಿಷಯ ಹೇಳಲೇಬೇಕು. ದೇಹ ತನ್ನನ್ನೇ ಹೊಡೆದುಕೊಳ್ಳುವ ಲೂಪಸ್ ಅನ್ನುವ ಕಾಯಿಲೆ ಇರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಹೆಂಗಸರು, ಅದರಲ್ಲೂ ವಾಲ್ವ್ ಕೆಡುತ್ತದೆ.

ಇಲ್ಲಿಯವರೆಗೆ ಹೆಚ್ಚಾಗಿ ಹೇಳಿದ್ದು ಬಾಗಿಲೇ ಕೆಟ್ಟ ಕಥೆ. ಇನ್ನು ಬಾಗಿಲು ಸರಿಯಾಗಿದ್ದೂ ಮನೆ ಹಿಗ್ಗಿದ ಕಥೆ. ಹಾರ್ಟ್ ಅಟ್ಯಾಕ್ ಆದಾಗ ಹೃದಯದ ಗೋಡೆಯ ಒಂದು ಭಾಗ ಸತ್ತು ಹೊರಗೆ ಜಗ್ಗುತ್ತದೆ. ಜೊತೆಗೆ ಆ ಸ್ನಾಯು ಕಂಬವೂ ಸರಿಯುತ್ತದೆ, ದಾರಗಳು ಎಸಳನ್ನು ಕೆಳಕ್ಕೆ ಎಳೆದು ಹಿಡಿಯುತ್ತವೆ, ಎಸಳುಗಳು ಒಂದನ್ನೊಂದು ಮುಟ್ಟುವುದಿಲ್ಲ. ಹಾರ್ಟ್ ಅಟ್ಯಾಕ್ ಚಿಕ್ಕ ವಯಸ್ಸಿಗೆ ಗಂಡಸರಿಗೆ ಹೆಚ್ಚು, ಆದ್ದರಿಂದ ಈ ಬಗೆಯ ಸೋರಿಕೆಯೂ ಅವರಲ್ಲಿ ಹೆಚ್ಚು. ಅಪರೂಪಕ್ಕೆ ಆ ಸ್ನಾಯುವೇ ಹರಿದುಹೋಗುತ್ತದೆ. ಎರಡು ಸ್ನಾಯುಗಳಲ್ಲಿ ಹಿಂಬದಿಯದಕ್ಕೆ ಸಾಮಾನ್ಯವಾಗಿ ಒಂದೇ ರಕ್ತನಾಳ ಆಸರೆ, ಹಾಗಾಗಿ ಹರಿಯುವುದು ಹೆಚ್ಚಾಗಿ ಅದೇ. ಅಟ್ಯಾಕ್ ಆದ ಕೆಲವೇ ದಿನಗಳಲ್ಲಿ ಉಸಿರು ಕಟ್ಟಿದರೆ ಒಂದು ಗಂಟೆಯನ್ನೂ ಕಳೆಯಬಾರದು.

ಹೆಂಗಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಹಿಗ್ಗುವುದು ಮೇಲಿನ ಕೋಣೆ. ವರ್ಷಗಟ್ಟಲೆ ಬಿಪಿ ಇದ್ದು ಹೃದಯ ಪೆಡಸಾಗಿರುತ್ತದೆ. ಏಟ್ರಿಯಲ್ ಫಿಬ್ರಿಲೇಷನ್ ಅನ್ನುವ ತಾಳತಪ್ಪಿದ ಬಡಿತ ಸೇರಿಕೊಳ್ಳುತ್ತದೆ. ಮೇಲಿನ ಕೋಣೆಗಳು ದೊಡ್ಡದಾಗಿ ಉಂಗುರವನ್ನು ಎಳೆಯುತ್ತವೆ. ಮೈಟ್ರಲ್ ಸೋರುತ್ತದೆ, ಟ್ರೈಕಸ್ಪಿಡ್ ಅದಕ್ಕಿಂತ ಜಾಸ್ತಿ ಸೋರುತ್ತದೆ. ತೀವ್ರವಾದ ಟ್ರೈಕಸ್ಪಿಡ್ ಸೋರಿಕೆ ಹೆಂಗಸರಲ್ಲೇ ಹೆಚ್ಚು. ಕಾಲು ಊದುತ್ತದೆ, ಹೊಟ್ಟೆ ಭಾರವಾಗುತ್ತದೆ, ಊಟ ಸೇರುವುದಿಲ್ಲ. ಹೃದಯದ ಕಾಯಿಲೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಈಗ ತಡವಾಗುವುದು ಯಾಕೆ ಅನ್ನುವುದಕ್ಕೆ ಬರುತ್ತೇನೆ. ಹೆಂಗಸರ ಹೃದಯ ಗಂಡಸರ ಹೃದಯಕ್ಕಿಂತ ಚಿಕ್ಕದು. ಮೈಟ್ರಲ್ ಸೋರಿಕೆಗೆ ಆಪರೇಷನ್ ಯಾವಾಗ ಅಂತ ತೀರ್ಮಾನಿಸಲು ಕೆಳಗಿನ ಕೋಣೆಯ ಅಗಲ ಅದು ಕುಗ್ಗಿದಾಗಲೂ 40 ಮಿಲಿಮೀಟರ್ ಮುಟ್ಟಿದೆಯಾ ಅಂತ ನೋಡುತ್ತೇವೆ. ಅಯೋರ್ಟಿಕ್ ಸೋರಿಕೆಗೆ 50. ಆರಡಿ ಗಂಡಸಿಗೂ ಐದಡಿ ಹೆಂಗಸಿಗೂ ಒಂದೇ ಗೆರೆ ಎಳೆದರೆ ಏನಾಗುತ್ತದೆ? ಅವಳ ಹೃದಯ ಆ ಗೆರೆ ಮುಟ್ಟುವಷ್ಟರಲ್ಲಿ ತನ್ನ ಮಟ್ಟಿಗೆ ಯಾವಾಗಲೋ ಮಿತಿ ಮೀರಿರುತ್ತದೆ. ಮೈ ಅಳತೆಗೆ ತಕ್ಕಂತೆ ಲೆಕ್ಕ ಹಾಕುವ ಪದ್ಧತಿ ಇದೆ. ರಿಪೋರ್ಟ್‌ನಲ್ಲಿ ಆ ಲೆಕ್ಕ ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಯಂತ್ರದ ಲೆಕ್ಕ ಒಂದು ಕಡೆಯಾದರೆ, ಮಾತು ಕೇಳಿಸಿಕೊಳ್ಳುವುದು ಇನ್ನೊಂದು ಕಡೆ. ಗಂಡಸು ಮೆಟ್ಟಿಲ ಮೇಲೆ ನಿಂತು ಉಸಿರು ತೆಗೆದುಕೊಂಡರೆ ಮನೆಯವರು ಕೂಡಲೇ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಹೆಂಗಸು ನಿಂತರೆ ರಕ್ತ ಕಡಿಮೆ ಇರಬೇಕು, ಮುಟ್ಟು ನಿಲ್ಲುವ ವಯಸ್ಸು, ತೂಕ ಜಾಸ್ತಿಯಾಗಿದೆ, ಟೆನ್ಷನ್. ಹೀಗೆಲ್ಲ ನಾವು ವೈದ್ಯರೂ ಹೇಳಿ ಕಳಿಸಿದ್ದೇವೆ. ಅವಳೂ ನಿಧಾನವಾಗಿ ನಡೆಯುವುದನ್ನು ಕಲಿತು, ನನಗೇನೂ ಆಗಿಲ್ಲ ಅನ್ನುತ್ತಾಳೆ. ಅದಕ್ಕೇ ನಾನು ಈಗ ಸುಸ್ತಾಗುತ್ತದಾ ಅಂತ ಕೇಳುವುದಿಲ್ಲ. ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸವನ್ನು ಈ ವರ್ಷ ಬಿಟ್ಟಿದ್ದೀರಿ ಅಂತ ಕೇಳುತ್ತೇನೆ. ಉತ್ತರ ಬೇರೆಯೇ ಬರುತ್ತದೆ.

ಒಂದು ವಿಷಯ ನನಗೆ ಯಾವಾಗಲೂ ನೆನಪಾಗುತ್ತದೆ. 1816ರಲ್ಲಿ ಪ್ಯಾರಿಸ್‌ನ ವೈದ್ಯ ಲೆನೆಕ್ ಎದುರಿಗೆ ಹೃದಯದ ತೊಂದರೆಯಿದ್ದ ಒಬ್ಬ ಯುವತಿ ಇದ್ದಳು. ಅವಳ ಎದೆಗೆ ಕಿವಿ ಇಡಲು ಸಂಕೋಚವಾಗಿ ಅವರು ಕಾಗದ ಸುರುಳಿ ಸುತ್ತಿ ಕೇಳಿದರು. ಸ್ಟೆತೊಸ್ಕೋಪ್ ಹುಟ್ಟಿದ್ದು ಹಾಗೆ. ಎಕೋ ಶುರುವಾಗಿದ್ದು 1953ರಲ್ಲಿ, ಸ್ವೀಡನ್ನಿನ ಲುಂಡ್‌ನಲ್ಲಿ. ಆಪರೇಷನ್‌ಗೆ ಮೊದಲೇ ಮೈಟ್ರಲ್ ವಾಲ್ವ್ ಕಟ್ಟಿಕೊಂಡಿದೆಯೋ ಸೋರುತ್ತಿದೆಯೋ ತಿಳಿಯಬೇಕು ಅನ್ನುವುದು ಎಡ್ಲರ್ ಎಂಬ ವೈದ್ಯರ ಹಂಬಲ. ಭೌತವಿಜ್ಞಾನಿ ಹರ್ಟ್ಸ್ ಜೊತೆ ಸೇರಿ, ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದ ಬಿರುಕು ಹುಡುಕುತ್ತಿದ್ದ ಯಂತ್ರವನ್ನು ಎರವಲು ತಂದು ಎದೆಗೆ ಹಿಡಿದರು. ಇಷ್ಟೆಲ್ಲ ಕಷ್ಟಪಟ್ಟು ಕಿವಿಯೂ ಕಣ್ಣೂ ಕೊಟ್ಟಿದ್ದಾರೆ. ಅದನ್ನು ಒಬ್ಬ ಹೆಣ್ಣುಮಗಳ ಎದೆಗೆ ಹಚ್ಚಿ ನೋಡಲು ನಾವು ತಡಮಾಡುತ್ತೇವೆ ಅಂದರೆ ನನಗೆ ತುಂಬಾ ನೋವಾಗುತ್ತದೆ.

ಕೊನೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಕೇಳಿದರು, "ಸೋರುವ ವಾಲ್ವ್ ತಾನಾಗಿ ಸರಿಹೋಗುವುದುಂಟಾ?" ಅದೇ ಮೂರನೇ ಪ್ರಶ್ನೆಗೆ ವಾಪಸ್ ಬಂದೆವು, ಅಲ್ವಾ? ಯಾಕೆ ಸೋರುತ್ತಿದೆ ಅನ್ನುವುದರ ಮೇಲೆ ಉತ್ತರ ನಿಂತಿದೆ. ಕಿತ್ತುಹೋದ ದಾರ ಮತ್ತೆ ಕೂಡುವುದಿಲ್ಲ. ರುಮ್ಯಾಟಿಕ್ ಜ್ವರ ಕಚ್ಚಿದ ಎಸಳು ಮೊದಲಿನ ಹಾಗೆ ಮೆತ್ತಗಾಗುವುದಿಲ್ಲ. ಆದರೆ ಹೃದಯ ಹಿಗ್ಗಿದ್ದರಿಂದ ಬಂದ ಸೋರಿಕೆ, ಹೃದಯ ಮತ್ತೆ ಕುಗ್ಗಿದರೆ ಕಡಿಮೆಯಾಗುತ್ತದೆ. ಹೆರಿಗೆಗೆ ಮುಂಚಿನ ಕೊನೆಯ ತಿಂಗಳಿಂದ ಹೆರಿಗೆಯಾದ 5 ತಿಂಗಳವರೆಗೆ ಕೆಲವು ಹೆಂಗಸರ ಹೃದಯದ ಸ್ನಾಯು ಇದ್ದಕ್ಕಿದ್ದಂತೆ ದುರ್ಬಲವಾಗುತ್ತದೆ. ಅಂಥ ಒಬ್ಬ ಬಾಣಂತಿಯನ್ನು ನನ್ನ ಹತ್ತಿರ ಕರೆತಂದಾಗ ಮಲಗಲು ಆಗದೆ ಮೂರು ರಾತ್ರಿ ಕೂತೇ ಕಳೆದಿದ್ದರು. ಬಾಣಂತನದ ಸುಸ್ತು ಅಂತ ಬೇರೆ ಕಡೆ ವಾಪಸ್ ಕಳಿಸಿದ್ದರು. ಎಕೋದಲ್ಲಿ ಮೈಟ್ರಲ್ ವಾಲ್ವ್ ಜೋರಾಗಿ ಸೋರುತ್ತಿತ್ತು. ಮನೆಯವರು ವಾಲ್ವ್ ಬದಲಾಯಿಸಿ ಅಂತ ಕೈಮುಗಿದರು. ನಾವು ವಾಲ್ವ್ ಮುಟ್ಟಲಿಲ್ಲ. ಹೃದಯದ ಸ್ನಾಯುವಿಗೆ ಮಾತ್ರೆಗಳನ್ನು ಕೊಟ್ಟೆವು, ಮೈಯಲ್ಲಿ ತುಂಬಿದ್ದ ನೀರು ಇಳಿಸಿದೆವು, ಕಾದೆವು. ಎಂಟು ತಿಂಗಳ ನಂತರದ ಎಕೋದಲ್ಲಿ ಹೃದಯ ತನ್ನ ಮೊದಲಿನ ಅಳತೆಗೆ ಬಂದಿತ್ತು. ಮೈಟ್ರಲ್ ವಾಲ್ವ್ ಎದುರಿಗೆ ನಾನು 'ಟ್ರಿವಿಯಲ್' ಅಂತ ಬರೆದೆ. ಆ ಪದದ ಅರ್ಥ ಏನು ಅಂತ ಅವರು ಕೇಳಿದರು. ಏನೂ ಇಲ್ಲ ಅಮ್ಮಾ, ಆರಾಮಾಗಿ ಮಲಗಿ ಅಂದೆ.